ಕಣ ರಸ್ತೆಗೆ ಬಂದ ಮೇಲೆ ಸಂಕ್ರಾಂತಿ: ಹಿರೇನಲ್ಲೂರು ಸೀಮೆಯ ರಾಗಿ ಸುಗ್ಗಿಯ ಲೆಕ್ಕ

ಈ ವಾರ ಸಂಕ್ರಾಂತಿ. ಎಳ್ಳು-ಬೆಲ್ಲದ ಫೋಟೋ, ಕೊಂಬಿಗೆ ಬಣ್ಣ ಬಳಿದ ಎತ್ತಿನ ಸ್ಟೇಟಸ್ ಈಗಾಗಲೇ ಮೊಬೈಲ್ ತುಂಬ ಓಡಾಡ್ತಿವೆ. ಇದೇ ಹೊತ್ತಿಗೆ ಹಿರೇನಲ್ಲೂರು ಸುತ್ತಮುತ್ತ ಬೈಕ್‌ನಲ್ಲಿ ಒಂದು ಸುತ್ತು ಬನ್ನಿ. ಡಾಂಬರು ರಸ್ತೆ ಮೇಲೆ ರಾಗಿ ತೆನೆ, ಹುರುಳಿ ಬಳ್ಳಿ ಹರಡಿರೋದು ಕಾಣುತ್ತೆ. ಬಸ್ಸು, ಟ್ರ್ಯಾಕ್ಟರ್ ಅದರ ಮೇಲೆ ಹೋದಂಗೆ ಪುಕ್ಕಟೆ ಒಕ್ಕಣೆ ಆಗ್ತಿರುತ್ತೆ. ಈ ಎರಡು ಚಿತ್ರಕ್ಕೂ ಸಂಬಂಧ ಇದೆ. ನಮ್ಮ ಬಯಲುಸೀಮೆಯಲ್ಲಿ ಸಂಕ್ರಾಂತಿಗೆ ತಿರುಳು ಕೊಟ್ಟಿದ್ದು ಪಂಚಾಂಗಕ್ಕಿಂತ ಹೆಚ್ಚಾಗಿ ಕಣ. ಆ ಕಣವೇ ರಸ್ತೆಗೆ ಬಂದ ಮೇಲೆ ಹಬ್ಬದಲ್ಲಿ ಏನು ಉಳೀತು, ಏನು ಹೋಯ್ತು, ಹೋದದ್ದರಲ್ಲಿ ಯಾವುದು ಈಗಲೂ ನಮ್ಮ ಜೇಬಿಗೆ ಸಂಬಂಧಪಟ್ಟದ್ದು ಅಂತ ನೋಡೋಣ.

ಮಳೆ ನಕ್ಷತ್ರದ ಲೆಕ್ಕವೇ ಇದು

ಯುಗಾದಿ, ಗಣೇಶ ಚತುರ್ಥಿ, ದೀಪಾವಳಿ ವರ್ಷ ವರ್ಷ ಹಿಂದೆ ಮುಂದೆ ಆಗ್ತಾವೆ. ಸಂಕ್ರಾಂತಿ ಮಾತ್ರ ಜನವರಿ 14 ಅಥವಾ 15 ಬಿಟ್ಟು ಅಲ್ಲಾಡೋದಿಲ್ಲ. ಕಾರಣ ಸರಳ. ಮಿಕ್ಕ ಹಬ್ಬಗಳು ಚಂದ್ರನ ತಿಥಿ ನೋಡ್ತಾವೆ. ಸಂಕ್ರಾಂತಿ ಸೂರ್ಯನ ಹಬ್ಬ. ಸೂರ್ಯ ಮಕರ ರಾಶಿಗೆ ಕಾಲಿಡೋ ದಿನ ಅದು.

ಬೇಸಾಯಗಾರರಿಗೆ ಸೂರ್ಯನ ಲೆಕ್ಕ ಹೊಸದಲ್ಲ. ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರ ಮಳೆ ಅಂತ ನಮ್ಮ ಅಜ್ಜಂದಿರು ಹೇಳ್ತಿದ್ದದ್ದು ಸೂರ್ಯ ಆಯಾ ನಕ್ಷತ್ರದಲ್ಲಿ ಇರೋ 13-14 ದಿನದ ಅವಧಿಯನ್ನ. ಆರಿದ್ರ ಪ್ರತಿವರ್ಷ ಜೂನ್ 22ರ ಆಸುಪಾಸಿಗೇ ಹುಟ್ಟೋದು ಅದಕ್ಕೇ. ಅಂದರೆ ಬಿತ್ತನೆಗೆ ಯಾವ ಗಡಿಯಾರ ಇಟ್ಟುಕೊಂಡಿದ್ದರೋ, ಸುಗ್ಗಿಯ ಹಬ್ಬಕ್ಕೂ ಅದೇ ಗಡಿಯಾರ.

ಇಲ್ಲೊಂದು ಕುತೂಹಲದ ವಿಷಯ ಇದೆ. ಸಂಕ್ರಾಂತಿಗೆ ಉತ್ತರಾಯಣ ಅಂತ ಹೆಸರು. ಆದರೆ ಸೂರ್ಯ ನಿಜಕ್ಕೂ ಉತ್ತರಕ್ಕೆ ತಿರುಗೋದು ಡಿಸೆಂಬರ್ 21-22ಕ್ಕೆ. ಹಗಲು ಬೆಳೆಯೋಕೆ ಶುರುವಾಗೋದೂ ಆಗಿನಿಂದಲೇ. ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಒಂದೇ ದಿನ ಬರ್ತಿದ್ದವು. ಭೂಮಿಯ ಅಕ್ಷ ಬುಗುರಿ ಥರ ನಿಧಾನಕ್ಕೆ ತೂಗೋದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಸಂಕ್ರಾಂತಿ ಮುಂದಕ್ಕೆ ಸರೀತಾ ಬಂದಿದೆ. ಬೇಕಾದರೆ ಮೊಬೈಲ್‌ನಲ್ಲಿ ಹುಡುಕಿ: ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಅವತ್ತು ಸಂಕ್ರಾಂತಿ. ಈಗ ಆ ದಿನಕ್ಕೂ ಹಬ್ಬಕ್ಕೂ ಎರಡು ಮೂರು ದಿನದ ಅಂತರ.

ನಮ್ಮೂರ ಕಡೆ ಈ ದಿನಕ್ಕೆ ಎಷ್ಟು ಹಳೆಯ ಬೇರಿದೆ ಅನ್ನೋದಕ್ಕೆ ಶಾಸನಗಳೇ ಸಾಕ್ಷಿ. ಹಿರೇನಲ್ಲೂರಿನ ಮಲ್ಲಿಕಾರ್ಜುನ ದೇವಸ್ಥಾನ ಹೊಯ್ಸಳರ ಕಾಲದ್ದು. ಆ ಕಾಲದ ಕನ್ನಡ ಶಾಸನಗಳಲ್ಲಿ 'ಉತ್ತರಾಯಣ ಸಂಕ್ರಮಣ'ದ ದಿನ ದೇವರಿಗೆ, ಕೆರೆಗೆ ಭೂಮಿ ದತ್ತಿ ಬಿಟ್ಟದ್ದು ಮತ್ತೆ ಮತ್ತೆ ಬರುತ್ತೆ. ಆ ಭೂಮಿಯನ್ನ ಅಳೆದದ್ದೂ ನೋಡಿ: ಇಷ್ಟು ಸಲಗೆ, ಇಷ್ಟು ಕೊಳಗ ಅಂತ. ಅಷ್ಟು ಬೀಜ ಹಿಡಿಸೋ ನೆಲ ಅಂತ ಅರ್ಥ. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆ ಅಂತಲೇ ಹೆಸರಿತ್ತು. ಆ ಜಿಲ್ಲೆಯ ಶಾಸನಗಳನ್ನ ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕ'ದ 6ನೇ ಸಂಪುಟವಾಗಿ 1901ರಲ್ಲೇ ಅಚ್ಚು ಹಾಕಿಸಿದ್ದಾರೆ. ಅಂತರ್ಜಾಲದಲ್ಲಿ ಓದೋಕೆ ಸಿಗುತ್ತೆ, ನಿಮ್ಮ ಊರಿನ ಹೆಸರು ಇದೆಯಾ ನೋಡಿ.

ಸುಗ್ಗಿಯ ಹಬ್ಬ ಎಲ್ಲ ಕಡೆಯೂ ಇದೇ ದಿನ ಅಂತಿಲ್ಲ. ನಮ್ಮದೇ ಜಿಲ್ಲೆಯ ಮಲೆನಾಡಿನವರು ಭತ್ತ ಹೊಡೆ ತುಂಬೋ ಹೊತ್ತಿಗೆ ಭೂಮಿ ಹುಣ್ಣಿಮೆ ಮಾಡಿ ಗದ್ದೆಗೆ ಎಡೆ ಹಾಕ್ತಾರೆ. ಕೊಡಗಿನವರಿಗೆ ಪುತ್ತರಿ. ಬೀದರ್, ಕಲಬುರಗಿ ಕಡೆ ಬಿಳಿಜೋಳದ ಹೊಲದಲ್ಲಿ ಎಳ್ಳಮಾವಾಸ್ಯೆ. ತಮಿಳರ ಪೊಂಗಲ್, ಪಂಜಾಬಿನ ಲೋಹ್ರಿ, ಅಸ್ಸಾಮಿನ ಬಿಹು ಮಾತ್ರ ಹೆಚ್ಚುಕಡಿಮೆ ನಮ್ಮ ಸಂಕ್ರಾಂತಿ ದಿನಕ್ಕೇ. ಯಾವ ಬೆಳೆ ಯಾವಾಗ ಮನೆಗೆ ಬರುತ್ತೋ ಆ ಸೀಮೆಯವರು ಆಗ ಹಬ್ಬ ಮಾಡಿದರು. ಬಾಬಾಬುಡನ್‌ಗಿರಿಯ ಮಳೆ ನೆರಳಲ್ಲಿ ಕೂತಿರೋ ಕಡೂರು ಸೀಮೆಗೆ ರಾಗಿಯೇ ಜೀವ. ಜುಲೈನಲ್ಲಿ ಬಿತ್ತಿದ ರಾಗಿ ನವೆಂಬರ್-ಡಿಸೆಂಬರ್‌ಗೆ ಕೊಯ್ಲು. ಕೊಯ್ದದ್ದು ಒಣಗಿ, ಸಿವುಡು ಕಟ್ಟಿ, ಮೆದೆ ಒಟ್ಟಿ, ಇಬ್ಬನಿ ಕಡಿಮೆಯಾಗಿ ಒಣಗಾಳಿ ಬೀಸೋಕೆ ಶುರುವಾದಾಗ ಒಕ್ಕಣೆ. ಅಷ್ಟರಲ್ಲಿ ಸಂಕ್ರಾಂತಿ ಬಂದಿರುತ್ತೆ.

ಕಣ ಅಂದ್ರೆ ಬರೀ ಜಾಗ ಅಲ್ಲ

ಇಪ್ಪತ್ತೈದು ವರ್ಷದೊಳಗಿನವರು ಕಣ ಮಾಡೋದನ್ನ ಕಣ್ಣಾರೆ ನೋಡಿರೋದು ಕಮ್ಮಿ. ಮೊದಲು ನೆಲ ಕೆತ್ತಿ ಹುಲ್ಲು ತೆಗೀತಿದ್ರು. ನೀರು ಚಿಮುಕಿಸಿ, ಗುಂಡು ಉರುಳಿಸಿ ಗಟ್ಟಿ ಮಾಡಿ, ಮೇಲೆ ಸಗಣಿ ಬಗ್ಗಡದಿಂದ ಸಾರಿಸ್ತಿದ್ರು. ಒಣಗಿದರೆ ಸಿಮೆಂಟ್ ನೆಲ ಇದ್ದಂಗೆ. ಒಂದು ಬಿರುಕು ಇರಬಾರದು. ರಾಗಿ ಕಾಳು ಸಾಸಿವೆಯಷ್ಟು ಸಣ್ಣದು ನೋಡಿ, ಬಿರುಕಿಗೆ ಬಿದ್ದರೆ ಸೇರುಗಟ್ಟಲೆ ಹೋಗುತ್ತೆ. ನಡುವೆ ಮೇಟಿ ಕಂಬ. ಕಲ್ಲಿನ ಗುಂಡು ಎಳ್ಕೊಂಡು ಎತ್ತುಗಳು ಸುತ್ತು ಬರ್ತಿದ್ದವು. ಕವೆಗೋಲಲ್ಲಿ ಹುಲ್ಲು ಎತ್ತಿ ಕೊಡವಿ, ಗಾಳಿ ಬಂದಾಗ ಮೊರದಲ್ಲಿ ತೂರಿ, ವಂದರಿ ಹಿಡಿದರೆ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ. ಗಾಳಿ ಬೀಳದ ದಿನ ಮನೆಮಂದಿ ಎಲ್ಲ ಕಣದಲ್ಲೇ ಮಲಗಿ ಕಾಯೋದು. ರಾತ್ರಿ ಕಥೆ, ಪದ ಎಲ್ಲ ಅಲ್ಲೇ.

ಕಣದೊಳಗೆ ಚಪ್ಪಲಿ ಹಾಕೋ ಹಾಗಿಲ್ಲ. ರಾಶಿ ಮಾಡಿದ ಮೇಲೆ ಅದರ ನೆತ್ತಿಗೆ ಸಗಣಿಯ ಬೆನಕ, ಗರಿಕೆ, ತುಂಬೆ ಹೂವು. ಪಕ್ಕದಲ್ಲಿ ಕುಡುಗೋಲು, ಮೊರ, ಕೊಳಗ. ಕಾಯಿ ಒಡೆದು ಎಡೆ ಇಟ್ಟು ಪೂಜೆ. ರಾಶಿ ಸುತ್ತ ಬೂದಿಯಲ್ಲಿ ಗೆರೆ ಎಳೀತಿದ್ರು. ಗಾಳಿ-ಗೀಳಿ ಸೋಕಬಾರದು ಅಂತ ಹಿರಿಯರು ಹೇಳೋರು. ರಾತ್ರಿ ಯಾರಾದರೂ ರಾಶಿಗೆ ಕೈ ಹಾಕಿದರೆ ಗೆರೆ ಅಳಿಸಿ ಬೆಳಿಗ್ಗೆ ಗೊತ್ತಾಗ್ತಿತ್ತು ಅನ್ನೋದೂ ನಿಜ. ಆ ಕಾಲದ ಸಿ.ಸಿ. ಕ್ಯಾಮೆರಾ ಅನ್ನಿ.

ಅಳೆಯೋವಾಗ ಯಾರೂ ಮಾತಾಡಬಾರದು. ಮೊದಲ ಕೊಳಗಕ್ಕೆ 'ಒಂದು' ಅನ್ನೋದಿಲ್ಲ, 'ಲಾಭ' ಅಂತಾರೆ. ಆಮೇಲೆ ಎರಡು, ಮೂರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಈ ಮೌನವನ್ನ ಶಾಸ್ತ್ರ ಅಂತ ಮಾತ್ರ ನೋಡಬೇಡಿ. ಕಾಗದ ಪೆನ್ನು ಇಲ್ಲದ ಜನ ಎಣಿಕೆ ತಪ್ಪದ ಹಾಗೆ ನೋಡಿಕೊಳ್ಳೋಕೆ ಇದ್ದದ್ದು ಅದೊಂದೇ ದಾರಿ. ವರ್ಷದ ಬೆಳೆ ಎಷ್ಟು, ಹೋದ ವರ್ಷಕ್ಕಿಂತ ಹೆಚ್ಚೋ ಕಮ್ಮಿಯೋ ಅನ್ನೋದು ಮನೆಯವರೆಲ್ಲರ ಎದುರಿಗೆ ಅವತ್ತೇ ಇತ್ಯರ್ಥ ಆಗ್ತಿತ್ತು.

ಅಳೆದದ್ದೆಲ್ಲ ಮನೆಗೆ ಹೋಗ್ತಿರಲಿಲ್ಲ. ನೇಗಿಲು ಮಾಡಿಕೊಟ್ಟ ಬಡಗಿ, ಕುಳ ತಟ್ಟಿದ ಕಮ್ಮಾರ, ಬಟ್ಟೆ ಒಗೆದ ಅಗಸರು, ಕ್ಷೌರ ಮಾಡಿದವರು, ಮಡಕೆ ಕೊಟ್ಟ ಕುಂಬಾರರು, ಕೆರೆ ತೂಬು ನೋಡಿಕೊಂಡ ನೀರುಗಂಟಿ, ತಳವಾರ, ತೋಟಿ, ಇವರಿಗೆಲ್ಲ ವರ್ಷದ ಕೂಲಿ ಕಣದಲ್ಲೇ. ಅದಕ್ಕೆ ಆಯ ಅಂತ ಹೆಸರು, ತಗೊಳ್ಳೋರು ಆಯಗಾರರು. ಹೆಳವರು ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಹೇಳಿ ತಮ್ಮ ಪಾಲು ಒಯ್ತಿದ್ರು. ಕೋಲೆ ಬಸವ, ಬುಡುಬುಡುಕೆಯವರೂ ಬರೋರು.

ಇದನ್ನ ಹಾಡಿ ಹೊಗಳೋ ಮುಂಚೆ ಒಂದು ಮಾತು. ಈ ಹಂಚಿಕೆಯಲ್ಲಿ ಎಲ್ಲರೂ ಸಮ ಇರಲಿಲ್ಲ. ವರ್ಷಪೂರ್ತಿ ದುಡಿದ ಕೆಲವರು ಕಣದ ಆಚೆಯೇ ನಿಂತು, ಅಡಿಗಾಳು ಗುಡಿಸಿ ಕೊಟ್ಟದ್ದನ್ನ ಸೆರಗಲ್ಲಿ ತುಂಬಿಕೊಂಡು ಹೋಗಬೇಕಿತ್ತು. ಎಷ್ಟು ಕೊಡಬೇಕು ಅನ್ನೋದು ಕೊಡೋನ ಕೈಲಿತ್ತು, ಕೇಳೋನ ಕೈಲಿರಲಿಲ್ಲ. ಆ ಭಾಗ ಹೋಗಿದ್ದಕ್ಕೆ ಯಾರೂ ಬೇಜಾರು ಮಾಡಬೇಕಿಲ್ಲ.

ಮಿಕ್ಕ ರಾಗಿ ಹಗೇವಿಗೆ. ಗಟ್ಟಿ ನೆಲದಲ್ಲಿ ತೋಡಿದ ಗುಳಿ ಅದು, ಬಾಯಿ ಸಣ್ಣದು, ಒಳಗೆ ಅಗಲ. ಹುಲ್ಲು ಹಾಸಿ ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಹಾಕಿದರೆ ವರ್ಷಗಟ್ಟಲೆ ಹುಳ ಬೀಳ್ತಿರಲಿಲ್ಲ. ಒಳಗೆ ಗಾಳಿಯೇ ಇಲ್ಲ ಅಂದ ಮೇಲೆ ಹುಳಕ್ಕೆ ಜೀವ ಎಲ್ಲಿಂದ? ಮನುಷ್ಯನಿಗೂ ಅದೇ ಅಪಾಯ. ತೆಗೆದ ಹಗೇವಿಗೆ ಮೊದಲು ದೀಪ ಇಳಿಸಿ, ಆರದಿದ್ದರೆ ಮಾತ್ರ ಆಳು ಇಳೀತಿದ್ದ. ಹಳೇ ಮೈಸೂರು ಸೀಮೆ 1876-78ರ ಬರ ನೋಡಿದೆ. ಅಂಥ ಬರ ಕಂಡ ಜನ ಒಂದು ವರ್ಷದ ರಾಗಿಯನ್ನ ಮಣ್ಣೊಳಗೆ ಇಟ್ಟುಕೊಳ್ಳದೆ ನಿದ್ದೆ ಮಾಡ್ತಿರಲಿಲ್ಲ.

ರಸ್ತೆ ಒಕ್ಕಣೆಯ ನಿಜವಾದ ಖರ್ಚು

ಈಗ ಕೂಲಿಯಾಳು ಸಿಗೋದಿಲ್ಲ, ಎತ್ತು ಇರೋ ಮನೆ ಕಮ್ಮಿ, ಕಣ ಇದ್ದ ಜಾಗಕ್ಕೆ ತೆಂಗು-ಅಡಿಕೆ ಬಂದಿದೆ. ಯಾರನ್ನೂ ದೂರೋ ಹಾಗಿಲ್ಲ. ಆದರೆ ರಸ್ತೆ ಒಕ್ಕಣೆ ಪುಕ್ಕಟೆ ಅನ್ನೋದು ಮಾತ್ರ ಸುಳ್ಳು. ತೆನೆ ಹಾಸಿದ ರಸ್ತೆಯಲ್ಲಿ ಬ್ರೇಕ್ ಹಿಡಿಯೋದಿಲ್ಲ, ಬೈಕ್ ಜಾರುತ್ತೆ. ಒಣಹುಲ್ಲು ಕಾರಿನ ತಳಕ್ಕೆ ಸುತ್ತಿಕೊಂಡು ಬಿಸಿಗೆ ಬೆಂಕಿ ಹತ್ತೋದೂ ಇದೆ. ಜೀವ ಹೋದರೆ ಯಾವ ರಾಗಿ ಅದನ್ನ ತುಂಬಿಕೊಡುತ್ತೆ?

ದುಡ್ಡಿನ ಲೆಕ್ಕವೂ ಇದೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ರಾಗಿಗೆ ಗೊತ್ತು ಮಾಡಿರೋ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. 2023-24ರಲ್ಲಿ ಇದು 3,846 ಇತ್ತು. ಎರಡೇ ವರ್ಷದಲ್ಲಿ ಸಾವಿರ ರೂಪಾಯಿ ಏರಿದೆ. ಆದರೆ ಖರೀದಿ ಕೇಂದ್ರದವರು ತಗೊಳ್ಳೋದು ಗುಣಮಟ್ಟ ನೋಡಿ. ತೇವಾಂಶ ಶೇ. 12ಕ್ಕಿಂತ ಹೆಚ್ಚಿರಬಾರದು, ಕಲ್ಲು, ಮಣ್ಣು, ಕಸ ಇರಬಾರದು. ಡಾಂಬರಿನ ಮೇಲೆ ಒಕ್ಕಿದ ರಾಗಿಯಲ್ಲಿ ಸಣ್ಣ ಜಲ್ಲಿಕಲ್ಲು ಸೇರಿಕೊಂಡರೆ ಜರಡಿಗೂ ಸಿಗೋದಿಲ್ಲ, ಯಾಕಂದ್ರೆ ಗಾತ್ರ ಒಂದೇ. ಸಗಣಿ ಸಾರಿಸಿದ ಕಣದ ರಾಗಿಗೆ ಆ ತಕರಾರು ಇರಲಿಲ್ಲ.

ಕಂಬೈನ್ ಮೆಷಿನ್‌ನಲ್ಲಿ ಕೊಯ್ಯಿಸೋರು ಬೇರೆ ಥರ ಎಚ್ಚರ ಇರಬೇಕು. ನಿಂತ ಬೆಳೆಯಿಂದ ನೇರ ಚೀಲಕ್ಕೆ ಬಂದ ಕಾಳಿನಲ್ಲಿ ತೇವ ಹೆಚ್ಚು. ಕೈಯಲ್ಲಿ ಕೊಯ್ದು ಮೆದೆ ಒಟ್ಟಿದಾಗ ವಾರಗಟ್ಟಲೆ ಆಗ್ತಿದ್ದ ಒಣಗೋ ಕೆಲಸ ಇಲ್ಲಿ ಆಗಿರೋದೇ ಇಲ್ಲ. ಅದನ್ನ ಟಾರ್ಪಾಲು ಹಾಸಿ ಎರಡು ಮೂರು ದಿನ ಬಿಸಿಲಿಗೆ ಒಣಗಿಸಲೇಬೇಕು. ತೇವ ನೋಡೋಕೆ ಮೀಟರ್ ಇಲ್ಲದಿದ್ದರೆ ಒಂದು ಉಪಾಯ: ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಕಾಲುಭಾಗ ಕಾಳು, ಒಂದು ಹಿಡಿ ಒಣ ಪುಡಿಉಪ್ಪು ಹಾಕಿ ಮುಚ್ಚಿ ಕುಲುಕಿ, ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಮೆತ್ತಿಕೊಂಡರೆ ತೇವ ಶೇ. 15ಕ್ಕಿಂತ ಮೇಲಿದೆ ಅಂತ. ಮೆತ್ತಿಕೊಳ್ಳಲಿಲ್ಲ ಅಂದರೂ ಇನ್ನೊಂದು ದಿನ ಒಣಗಿಸಿ. 15ಕ್ಕೂ 12ಕ್ಕೂ ಒಂದು ಒಳ್ಳೆ ಬಿಸಿಲಿನ ವ್ಯತ್ಯಾಸ ಇದೆ.

ಕಂಬೈನ್‌ನಲ್ಲಿ ಹುಲ್ಲು ಪುಡಿಯಾಗಿ ಹೊಲದಲ್ಲೇ ಉಳಿಯುತ್ತೆ. ಎರಡು ಹಸು ಕಟ್ಟಿರೋ ಮನೆಗೆ ರಾಗಿ ಹುಲ್ಲು ಬೇಸಿಗೆಯ ಆಧಾರ. ಹಾಗಾಗಿ ಮೆಷಿನ್ ಬಾಡಿಗೆ ಲೆಕ್ಕ ಹಾಕೋವಾಗ ಮುಂದೆ ಮೇವಿಗೆ ಕೊಡಬೇಕಾದ ದುಡ್ಡನ್ನೂ ಸೇರಿಸಿಕೊಳ್ಳಿ. ಕೆಲವರು ಅರ್ಧ ಹೊಲ ಮೆಷಿನ್‌ಗೆ ಬಿಟ್ಟು ಅರ್ಧ ಕೈಯಲ್ಲಿ ಕೊಯ್ಯಿಸ್ತಾರೆ. ನನಗೆ ಅದು ಜಾಣತನ ಅನ್ಸುತ್ತೆ.

ರಸ್ತೆ ಬಿಟ್ಟರೆ ದಾರಿ ಏನು? ನಾಲ್ಕೈದು ಮನೆಯವರು ಸೇರಿ ಒಂದು ಸಿಮೆಂಟ್ ಕಣ ಮಾಡಿಕೊಂಡರೆ ರಾಗಿ ಮುಗಿದ ಮೇಲೆ ಅದೇ ಕಣ ಹುರುಳಿ, ಅವರೆ, ಕೊಬ್ಬರಿ ಒಣಗಿಸೋಕೂ ಆಗುತ್ತೆ. ಒಕ್ಕಣೆ ಮೆಷಿನ್ ಬಾಡಿಗೆಗೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಕೇಳಿ. ಟಾರ್ಪಾಲು ಸಹಾಯಧನದಲ್ಲಿ ಬಂದಿದೆಯಾ ಅಂತ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಬೆಂಬಲ ಬೆಲೆಗೆ ಹಾಕೋರಿಗೆ ಫ್ರೂಟ್ಸ್ ಐಡಿ ಬೇಕು. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ರಾಗಿ ಅಂತಲೇ ದಾಖಲಾಗಿದೆಯಾ ಅಂತ ಮೊಬೈಲ್‌ನಲ್ಲೇ ನೋಡಿಕೊಳ್ಳಿ. ಅಲ್ಲಿ 'ತೆಂಗು' ಅಂತ ಇದ್ದರೆ ಮನೆಯಲ್ಲಿ ಎಷ್ಟು ಚೀಲ ರಾಗಿ ಇದ್ದರೂ ಕೌಂಟರ್‌ನಲ್ಲಿ ಮಾತು ಬೆಳೆಯುತ್ತೆ.

ಬೀಜಕ್ಕೆ ಅಂತ ತೆಗೆದಿಟ್ಟ ತೆನೆ

ಕಣದಲ್ಲಿ ಗುಂಡು ಹೊಡೆಯೋ ಮುಂಚೆ ಮನೆಯ ಹೆಂಗಸರು ಮೆದೆಯಿಂದ ಒಳ್ಳೆ ತೆನೆ ಆರಿಸಿ ಬೇರೆ ಇಡ್ತಿದ್ರು. ತುಂಬಿದ ತೆನೆ, ಒಂದೇ ಬಣ್ಣ, ರೋಗ ಇಲ್ಲದ್ದು. ಅದನ್ನ ಕೋಲಲ್ಲಿ ಬಡಿದು, ಬೇವಿನ ಸೊಪ್ಪು ಬೂದಿ ಜೊತೆ ಮಡಕೆಗೆ ಹಾಕೋರು. ರಸ್ತೆ ಮೇಲೆ, ಕಂಬೈನ್ ಒಳಗೆ ಎಲ್ಲ ಒಂದಾದ ಮೇಲೆ ಈ ಕೆಲಸ ತಾನಾಗೇ ನಿಂತುಹೋಯ್ತು. ಕಳೆದದ್ದರಲ್ಲಿ ಮತ್ತೆ ಶುರು ಮಾಡೋಕೆ ತೀರಾ ಸುಲಭವಾದದ್ದು ಇದೇ.

ರಾಗಿ ತನ್ನೊಳಗೇ ಪರಾಗಸ್ಪರ್ಶ ಆಗೋ ಬೆಳೆ. ಆದ್ದರಿಂದ ಜಿಪಿಯು-28, ಎಂಎಲ್-365 ಅಂಥ ತಳಿಯ ಪ್ರಮಾಣಿತ ಬೀಜ ಒಮ್ಮೆ ತಂದರೆ ಮೂರು ವರ್ಷ ಮನೆಯಲ್ಲೇ ಬೀಜ ಮಾಡಿಕೊಳ್ಳಬಹುದು. ಹೊಲದ ಅಂಚು ಬಿಟ್ಟು ನಡುವಿನಿಂದ, ಬೆಂಕಿ ರೋಗ ತಗುಲದ ತೆನೆ ಆರಿಸಿ. ಮೇ ತಿಂಗಳಲ್ಲಿ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ವಾರದಲ್ಲಿ 75ಕ್ಕಿಂತ ಕಮ್ಮಿ ಮೊಳಕೆ ಬಂದರೆ ಆ ಬೀಜ ಹಿಟ್ಟಿಗೆ ಹಾಕಿ, ಹೊಲಕ್ಕೆ ಬೇಡ.

ಬೀಜದ ಮಾತು ಬಂದಾಗ ಡಾ. ಲಕ್ಷ್ಮಣಯ್ಯನವರ ಹೆಸರು ಹೇಳದೆ ಹೋದರೆ ತಪ್ಪಾಗುತ್ತೆ. ರಾಗಿಯ ಮೂಲ ಪೂರ್ವ ಆಫ್ರಿಕ; ಸಾವಿರಾರು ವರ್ಷದ ಹಿಂದೆಯೇ ನಮ್ಮಲ್ಲಿಗೆ ಬಂದು ನಮ್ಮದೇ ಆಗಿಬಿಡ್ತು. ಅದರ ಆಫ್ರಿಕದ ನೆಂಟರನ್ನ ಮತ್ತೆ ಕರೆಸಿ ನಮ್ಮ ರಾಗಿ ಜೊತೆ ಸಂಕರ ಮಾಡಿ, ಮಂಡ್ಯದ ವಿ.ಸಿ. ಫಾರಂನಲ್ಲಿ ಇಂಡಾಫ್ ತಳಿಗಳನ್ನ ಕೊಟ್ಟವರು ಅವರು. ಇಂಡಾಫ್ ಅಂದರೆ ಇಂಡಿಯಾ-ಆಫ್ರಿಕ. ಎಕರೆಗೆ ಬರ್ತಿದ್ದ ರಾಗಿಯ ಲೆಕ್ಕವೇ ಅದರಿಂದ ಬದಲಾಯ್ತು. ಜನ ಅವರನ್ನ ರಾಗಿ ಬ್ರಹ್ಮ ಅಂತ ಕರೆದರು.

ಹಾಗೆ ನೋಡಿದರೆ ಹಬ್ಬದ ತಟ್ಟೆ ತುಂಬ ದೂರದ ನೆಂಟರೇ. ಕಡಲೆಕಾಯಿ, ಗೆಣಸು ಎರಡೂ ಅಮೆರಿಕ ಖಂಡದವು. ಎಳ್ಳು ಮಾತ್ರ ನಮ್ಮ ನೆಲದ್ದೇ, ಹರಪ್ಪದಲ್ಲೂ ಸುಟ್ಟ ಎಳ್ಳು ಸಿಕ್ಕಿದೆ. ಪೂರ್ವ ಮುಂಗಾರಿನಲ್ಲಿ ಎಳ್ಳು ಬಿತ್ತೋ ರೂಢಿ ಈ ಸೀಮೆಯಲ್ಲಿ ಇತ್ತು. ಈಗ ಎಷ್ಟು ಮನೆಯವರು ಎಳ್ಳು ಬೀರೋಕೆ ಅಂಗಡಿಯಿಂದ ಪ್ಯಾಕೆಟ್ ತರ್ತೀವಿ ಅಂತ ನೀವೇ ಹೇಳಿ. ಅಂದಹಾಗೆ, ಎಳ್ಳು ಬೀರೋದು ಹೆಚ್ಚಾಗಿ ಪೇಟೆ ಮನೆಗಳ ಸಂಭ್ರಮ. ಬೇಸಾಯದ ಮನೆಗಳಲ್ಲಿ ಅವತ್ತು ಮೊದಲ ಮರ್ಯಾದೆ ದನಕ್ಕೆ.

ಕಿಚ್ಚು ಹಾಯಿಸೋ ಮುಂಚೆ

ಹಳೇ ಮೈಸೂರು ಸೀಮೆಯ ತುಂಬ ಸಂಕ್ರಾಂತಿ ಸಂಜೆ ದನಗಳಿಗೆ ಮೈ ತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಹುಲ್ಲಿಗೆ ಬೆಂಕಿ ಹಚ್ಚಿ ಅದರ ಮೇಲೆ ಹಾಯಿಸ್ತಾರೆ. ದನಕ್ಕೆ ಹತ್ತಿದ ಉಣ್ಣೆ ಉದುರುತ್ತೆ, ರೋಗ ಹೋಗುತ್ತೆ ಅನ್ನೋ ನಂಬಿಕೆ. ಒಂದು ಕ್ಷಣ ಬೆಂಕಿ ದಾಟಿದರೆ ಉಣ್ಣೆ ಹೋಗೋದಿಲ್ಲ, ಇದನ್ನ ನೇರವಾಗಿಯೇ ಹೇಳ್ತೀನಿ. ಉಣ್ಣೆ ಮೊಟ್ಟೆ ಇಡೋದು ದನದ ಮೈ ಮೇಲಲ್ಲ, ಕೊಟ್ಟಿಗೆಯ ಗೋಡೆ ಬಿರುಕಲ್ಲಿ, ಗೊಂತಿನ ಸಂದಿಯಲ್ಲಿ. ಹಬ್ಬದ ನೆಪದಲ್ಲಿ ಕೊಟ್ಟಿಗೆ ಖಾಲಿ ಮಾಡಿ, ಸಂದಿಗೆ ಮಣ್ಣು ಮೆತ್ತಿ ಸುಣ್ಣ ಬಳಿದರೆ ಅದರಿಂದ ಲಾಭ ಇದೆ. ಕಿಚ್ಚು ಹಾಯಿಸೋದಾದರೆ ಗಬ್ಬದ ಹಸು, ಎಳೆಗರು ಬೇಡ. ಹುಲ್ಲಿನ ಬಣವೆಯಿಂದ ದೂರ ಇರಲಿ. ಟೈರು, ಪ್ಲಾಸ್ಟಿಕ್ ಸುಡೋದಂತೂ ಬೇಡವೇ ಬೇಡ.

ಹಬ್ಬದ ದಿನ ಮೈ ತೊಳೆಯೋವಾಗ ದನದ ಬಾಯಿ, ಗೊರಸಿನ ಸಂದು, ಕೆಚ್ಚಲು, ಕೊಂಬಿನ ಬುಡ ಎಲ್ಲ ಕಣ್ಣಿಗೆ ಬೀಳುತ್ತೆ. ವರ್ಷಕ್ಕೊಮ್ಮೆ ಆಗ್ತಿದ್ದ ಪೂರ್ತಿ ತಪಾಸಣೆ ಅದೇ ಆಗಿತ್ತು. ಬರೀ ಬಣ್ಣ ಬಳಿದು ಸೆಲ್ಫಿ ತೆಗೆದು ಬಿಡಬೇಡಿ, ಗೊರಸು ಎತ್ತಿ ನೋಡಿ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ರಾಜ್ಯದಲ್ಲಿ ದನದ ಜಾತ್ರೆಗಳನ್ನೇ ನಿಲ್ಲಿಸಬೇಕಾಯ್ತು. ಮೈ ಮೇಲೆ ಗಂಟು, ಜ್ವರ, ಮೇವು ಬಿಟ್ಟಿರೋದು ಕಂಡರೆ ಬೇರೆ ಕಟ್ಟಿ, ಪಶು ವೈದ್ಯರಿಗೆ ಫೋನ್ ಮಾಡಿ.

ಇದು ದನದ ಹೆಸರಿಗೆ ಹೆಸರುವಾಸಿಯಾದ ಸೀಮೆ. ಪಕ್ಕದ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಮೈಸೂರು ಅರಸರ 'ಬೆಣ್ಣೆ ಚಾವಡಿ'ಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಅಂತ ಹೆಸರು ಪಡೆದು, ಫಿರಂಗಿ ಎಳೆದ ತಳಿ ಅದು. ಬೀರೂರಿನಲ್ಲಿ ನಡೆಯೋ ಹೋರಿಕರುಗಳ ಹರಾಜಿಗೆ ಈಗಲೂ ದೂರದೂರದಿಂದ ರೈತರು ಬರ್ತಾರೆ.

ಒಕ್ಕಣೆ ಮುಗಿದ ಮೇಲೆ ಜಾತ್ರೆಗಳ ಕಾಲ. ಅಂತರಘಟ್ಟೆ ದುರ್ಗಾಂಬಾ ಜಾತ್ರೆಗೆ ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಿಂದ ಎತ್ತಿನ ಗಾಡಿ ಕಟ್ಟಿಕೊಂಡು ಹೋಗೋರು ಇನ್ನೂ ಇದ್ದಾರೆ. ಈ ಸಲ ಗಾಡಿ ಕಟ್ಟೋ ಮನಸ್ಸಿದ್ದರೆ ಕಾಲುಬಾಯಿ ಜ್ವರದ ಲಸಿಕೆ ಆಗಿದೆಯಾ ಅಂತ ಈ ವಾರವೇ ನೋಡಿಕೊಳ್ಳಿ. ಲಸಿಕೆ ಪುಕ್ಕಟೆ, ಮನೆ ಬಾಗಿಲಿಗೇ ಬಂದು ಹಾಕ್ತಾರೆ. ಹಾಕಿಸಿದ ಮೇಲೆ ಮೈಗೆ ಶಕ್ತಿ ಹಿಡಿಯೋಕೆ ಎರಡು ಮೂರು ವಾರ ಬೇಕು. ಜಾತ್ರೆಯ ಹಿಂದಿನ ದಿನ ಹಾಕಿಸಿದರೆ ಪ್ರಯೋಜನ ಇಲ್ಲ.